ಶ್ರೀರಂಗಪಟ್ಟಣ ಸೀಮೆಯ ಕೆಲವು ಪೋಷಣಶಬ್ದಗಳು

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಸೇರಿರುವುವು. ಈ ತಾಲ್ಲೂಕು ಕಚೇರಿಗಳಲ್ಲಿ ವೃದ್ಧರೂ ವಿಧವೆಯರೂ ದುರ್ಬಲರೂ ಸರ್ಕಾರದ ನೆರವನ್ನು ಬೇಡಿ ಬರುವಾಗ ಅವರ ಕೈಗೆ ಬರುವ ಕಾಗದಗಳಲ್ಲಿ ಅರ್ಜಿ, ಮಂಜೂರು, ಮಾಸಾಶನ, ವೇತನ, ಭತ್ಯ, ಪರಿಹಾರ, ಪಡಿತರ, ಫಲಾನುಭವಿ ಮೊದಲಾದ ಶಬ್ದಗಳು ಕಾಣುತ್ತವೆ. ಹೆಬ್ಬೆಟ್ಟೊತ್ತುವವನಿಗೆ ಇವೆಲ್ಲವೂ ಒಂದೇ ಸರ್ಕಾರದ ಒಂದೇ ಭಾಷೆ. ಆದರೆ ಇವುಗಳಲ್ಲಿ ಕೆಲವು ಗಂಗರ ಕಾಲದಿಂದ ಬಂದುವು. ಕೆಲವು ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದಾಗ ಪಾರಸಿಯ ದಫ್ತರದಿಂದ ಇಳಿದುವು. ಕೆಲವು ನಮ್ಮ ಕಣ್ಣೆದುರಿಗೇ ಹುಟ್ಟಿದುವು. ಒಂದೊಂದು ಶಬ್ದವೂ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಇದ್ದ ಒಂದೊಂದು ಬಗೆಯ ಸಂಬಂಧವನ್ನು ತನ್ನೊಳಗೆ ಇಟ್ಟುಕೊಂಡಿದೆ. ಆ ಸಂಬಂಧವು ಹಕ್ಕಿನದೋ, ಧರ್ಮದ್ದೋ, ಕೃಪೆಯದೋ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದು ಬರಿಯ ನಿಘಂಟಿನ ಕುತೂಹಲವಲ್ಲ. ಒಂದು ಶಬ್ದದ ಅರ್ಥನಿರ್ಣಯದಿಂದ ಹೊಲವನ್ನು ಉಳಿಸಿಕೊಂಡವರೂ ಕಳೆದುಕೊಂಡವರೂ ಈ ಸೀಮೆಯಲ್ಲಿ ಇದ್ದಾರೆಂಬುದು ಮುಂದೆ ವಿದಿತವಾಗುವುದು.

ಸಾಮಗ್ರಿಯ ವಿಷಯದಲ್ಲಿ ಎರಡು ಮಾತು. ಈ ಪ್ರದೇಶದ ಶಾಸನಗಳನ್ನು ಲೂಯಿ ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 3ನೆಯ (1894) ಮತ್ತು 4ನೆಯ (1898) ಸಂಪುಟಗಳಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಇವು 6 ಮತ್ತು 7ನೆಯ ಸಂಪುಟಗಳಿಗೆ ಬಂದಿವೆ. ಹಳೆಯ ಕಾಗದಗಳನ್ನು ನೋಡುವವರು ಸ್ಥಳನಾಮಗಳ ಬದಲಾವಣೆಯನ್ನು ನೆನಪಿನಲ್ಲಿಡಬೇಕು. ಕೃಷ್ಣರಾಜಪೇಟೆಗೆ 1891ರ ವರೆಗೆ ಅತ್ತಿಕುಪ್ಪೆಯೆಂದು ಹೆಸರು. ಪಾಂಡವಪುರವು ಹಿರೋಡೆ, ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ದಂಡು ಅಲ್ಲಿ ಬೀಡುಬಿಟ್ಟಿದ್ದುದರಿಂದ ಫ್ರೆಂಚ್ ರಾಕ್ಸ್ ಎಂದೂ ಕರೆಯಲ್ಪಟ್ಟಿತು. ಮಂಡ್ಯ ಜಿಲ್ಲೆಯು ಮೈಸೂರು ಜಿಲ್ಲೆಯಿಂದ ಬೇರೆಯಾದುದು 1939ರಲ್ಲಿ.

ಮೊದಲು ಕೊಡಗಿ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಇದು ಕೊಡು ಧಾತುವಿನಿಂದ ಆದುದು. ಕೊಡಗೆ ಎಂಬುದೂ ಇದೇ. ಶಾಸನಗಳಲ್ಲಿ ಇದು ಒಂಟಿಯಾಗಿ ಬರುವುದಕ್ಕಿಂತ ಇನ್ನೊಂದು ಶಬ್ದದೊಡನೆ ಕೂಡಿಬರುವುದೇ ಹೆಚ್ಚು. ಯಾವುದಕ್ಕಾಗಿ ಕೊಟ್ಟಿತು ಎಂಬುದನ್ನು ಆ ಪೂರ್ವಪದವು ಹೇಳುತ್ತದೆ. ಕಾಳಗದಲ್ಲಿಯೋ ಊರ ತುರುಗಳನ್ನು ಕಾಯುವಲ್ಲಿಯೋ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗಿ. ವೀರನ ಕಲ್ಲಿನೊಡನೆ ಬಂದ ಭೂಮಿಗೆ ಇನ್ನೂ ಹಳೆಯ ಹೆಸರು ಕಲ್ನಾಡು. ಗೆದ್ದು ಬದುಕಿದವನಿಗೆ ಅವನ ಕತ್ತಿಯನ್ನು ತೊಳೆದು ಕೊಟ್ಟುದು ಬಾಳ್ಗಚ್ಚು. ಈ ಕೊನೆಯದಕ್ಕೆ ಪ್ರಸಿದ್ಧವಾದ ಉದಾಹರಣೆಯು ನಮ್ಮ ನಾಲ್ಕು ತಾಲ್ಲೂಕುಗಳಿಗೆ ನೆರೆಯಾದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದೆ. ಕ್ರಿ. ಶ. 949-50ರ ಆ ಶಾಸನದ ಪ್ರಕಾರ, ತಕ್ಕೋಲದ ಕಾಳಗವಾದ ಮೇಲೆ ಗಂಗರ ಬೂತುಗನು ಮಣಲೆರನಿಗೆ ಆತುಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ ಬಾಳ್ಗಚ್ಚಾಗಿ ಕೊಟ್ಟನು. ರಾಷ್ಟ್ರಕೂಟ ಕೃಷ್ಣನಿಂದ ಮಣಲೆರನು ಬೇಡಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಸತ್ತುದಕ್ಕೂ ಅಲ್ಲಿಯೇ ಕಲ್ಲು ನಿಂತಿತು. ಕಲ್ಲನ್ನು ಪೂಜಿಸುವ ಗೊರವನಿಗೆ ಭೂಮಿಯೂ ದೊರೆಯಿತು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ನೆತ್ತರುಗೊಡಗಿಯೆಂಬ ಮಾತಿನಲ್ಲಿ ಕರುಣೆಯ ಸುಳಿವೇ ಇಲ್ಲ. ಕೊಡುವವನ ಮನಸ್ಸಿನ ಗುಣವನ್ನು ಅದು ಹೇಳುವುದಿಲ್ಲ. ಕೊಳ್ಳುವವರ ಮನೆಯಿಂದ ಏನು ಹೋಯಿತೆಂಬುದನ್ನು ಹೇಳುತ್ತದೆ. ಇಂದು ಸರ್ಕಾರೀ ನೌಕರನೊಬ್ಬನು ಸೇವೆಯಲ್ಲಿರುವಾಗಲೇ ಮೃತನಾದರೆ ಅವನ ಮಗನಿಗೋ ಮಡದಿಗೋ ದೊರೆಯುವ ನೌಕರಿಗೆ "ಅನುಕಂಪದ ಆಧಾರದ ಮೇಲಿನ ನೇಮಕ"ವೆಂದು ಹೆಸರಿಟ್ಟಿದ್ದಾರೆ. ಕೊಟ್ಟ ವಸ್ತುವು ಹೆಚ್ಚುಕಡಮೆ ಒಂದೇ ಬಗೆಯದು. ಹೆಸರಿನಲ್ಲಿ ಮಾತ್ರ ನೆತ್ತರು ಹೋಗಿ ಅನುಕಂಪವು ಬಂದಿದೆ. ಹಳೆಯ ಹೆಸರೇ ಹೆಚ್ಚು ಮರ್ಯಾದೆಯುಳ್ಳದ್ದೆಂದು ನಮ್ಮ ಅಭಿಪ್ರಾಯ.

ಆದರೆ ಹಳೆಯದೆಲ್ಲವೂ ಕೊಳ್ಳುವವನಿಗೆ ಅನುಕೂಲವೆಂದು ತಿಳಿಯಬಾರದು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಹೊಯ್ಸಳರ ಕಾಲದ ಗರುಡಗಂಬಗಳಿವೆ. ತಮ್ಮ ಒಡೆಯರು ಕಾಲವಾದಾಗ ಅವರೊಡನೆಯೇ ಪ್ರಾಣಬಿಟ್ಟ ಲೆಂಕರ ಒಂದು ಮನೆತನದ ಸ್ಮಾರಕಗಳಿವು; ಮಡಿದವರಲ್ಲಿ ಗಂಡಸರಷ್ಟೇ ಅಲ್ಲದೆ ಹೆಂಗಸರೂ ಇದ್ದರು. ಇಂತಹ ನಿಷ್ಠೆಗೆ ಪ್ರಾಚೀನ ಕನ್ನಡದಲ್ಲಿ ವೇಳೆವಾಳಿ, ಜೋಳವಾಳಿ ಎಂಬ ಹೆಸರುಗಳುಂಟು. ಜೋಳವಾಳಿಯೆಂದರೆ ಉಂಡ ಜೋಳಕ್ಕೆ ತೀರಿಸತಕ್ಕ ಋಣ. ಒಡೆಯನು ಹಾಕಿದ ಅನ್ನವು ಉಂಡವನ ಪ್ರಾಣವನ್ನೇ ಒತ್ತೆಯಿಟ್ಟುಕೊಳ್ಳುತ್ತಿದ್ದ ಕಾಲವದು. ಉಣ್ ಧಾತುವಿನಿಂದಲೇ ಆದ ಉಂಬಳಿಯೆಂಬ ಶಬ್ದದಲ್ಲಿಯೂ ಈ ಭಾವವು ಸ್ವಲ್ಪ ಮಟ್ಟಿಗೆ ಉಳಿದಿದೆ. ಉಂಬಳಿಯನ್ನು ಉಣ್ಣುವವನು ಅದಕ್ಕಾಗಿ ಏನನ್ನಾದರೂ ಮಾಡುತ್ತಲೇ ಇರಬೇಕು. ಅನ್ನದ ಋಣ, ಉಪ್ಪಿನ ಋಣ ಎಂಬ ಮಾತುಗಳು ಇಂದಿಗೂ ಚುನಾವಣೆಯ ಕಾಲದಲ್ಲಿ ಕೇಳಿಬರುವುದುಂಟು. ಅವುಗಳ ವಂಶವೃಕ್ಷವು ಬಾಚಹಳ್ಳಿಯ ಕಂಬಗಳವರೆಗೂ ಹೋಗುತ್ತದೆ.

ಕಾಳಗದ ಮಾತನ್ನು ಬಿಟ್ಟು ನೀರಿನ ಮಾತಿಗೆ ಬಂದರೆ ಕೆರೆಗೊಡಗಿ, ಕಟ್ಟುಗೊಡಗಿ, ಬಿತ್ತುವಟ್ಟ ಎಂಬುವು ಸಿಕ್ಕುತ್ತವೆ. ಕೆರೆಯನ್ನು ಕಟ್ಟಿಸಿದವನಿಗೋ ಅದರ ಹೂಳೆತ್ತಿ ಏರಿಯನ್ನು ಕಾಯುವವನಿಗೋ ಆ ಕೆರೆಯ ಕೆಳಗೆ ಬಿಟ್ಟ ಗದ್ದೆಗಳಿವು. ಪಾಂಡವಪುರದ ಬಳಿಯ ತೊಣ್ಣೂರ ಕೆರೆಯಂತಹ ದೊಡ್ಡ ಜಲಾಶಯವಾಗಲಿ ಹಳ್ಳಿಯ ಸಣ್ಣ ಕಟ್ಟೆಯಾಗಲಿ, ಇದನ್ನು ನೋಡಿಕೊಳ್ಳುವವನೊಬ್ಬನು ಬೇಕು, ಅವನು ನೀರಗಂಟಿ. ಇವನೊಡನೆ ತಳವಾರ, ತೋಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ ಮೊದಲಾದವರು ಸೇರಿ ಹನ್ನೆರಡು ಮಂದಿ ಆಯಗಾರರಾದರು. ಆಯವೆಂದರೆ ಸುಗ್ಗಿಯ ಕಣದಲ್ಲಿ ಅವರಿಗೆ ಸಲ್ಲುವ ಧಾನ್ಯದ ಪಾಲು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಶ್ರೀರಂಗಪಟ್ಟಣದ ಸುತ್ತಣ ಹಳ್ಳಿಗಳಲ್ಲಿ ರಾಶಿಯನ್ನು ಹಂಚುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಸರ್ಕಾರವೂ ಒಕ್ಕಲೂ ತಮ್ಮ ಪಾಲನ್ನು ಅಳೆದುಕೊಳ್ಳುವುದಕ್ಕೆ ಮುಂಚೆಯೇ ದೇವರಿಗೆ, ಬ್ರಾಹ್ಮಣರಿಗೆ, ಜೋಯಿಸನಿಗೆ, ಊರ ಕೈಕೆಲಸದವರಿಗೆ, ಕಾವಲುಗಾರರಿಗೆ ಇಷ್ಟಿಷ್ಟೆಂದು ರಾಶಿಯಿಂದ ತೆಗೆಯುವುದು ಪದ್ಧತಿ. ಇದಕ್ಕೆ ಅರ್ಜಿಯಿಲ್ಲ, ಮಂಜೂರಾತಿಯಿಲ್ಲ. ಮಳೆ ಬಾರದೆ ರಾಶಿಯು ಚಿಕ್ಕದಾದರೆ ಎಲ್ಲರ ಪಾಲೂ ಚಿಕ್ಕದಾಗುತ್ತಿದ್ದಿತು. ತೋಟಿಯ ಪಾಲು ಅವನ ಹಕ್ಕೆಂಬುದು ನಿಜ; ಆದರೆ ತೋಟಿತನವನ್ನು ಬಿಡುವ ಹಕ್ಕು ಅವನಿಗಿರಲಿಲ್ಲವೆಂಬುದೂ ಅಷ್ಟೇ ನಿಜ. ಹುಟ್ಟಿನಿಂದ ಬಂದ ಕೆಲಸವೂ ಹುಟ್ಟಿನಿಂದ ಬಂದ ಪಾಲೂ ಒಂದೇ ಹಗ್ಗದ ಎರಡು ತುದಿಗಳಾಗಿದ್ದುವು.

ಧರ್ಮದ ಶಬ್ದಗಳು ಬೇರೆಯ ಜಾಡಿನವು. ಅರವಟ್ಟಿಗೆಯಲ್ಲಿರುವ ಅಱ ಎಂಬುದು ಧರ್ಮಕ್ಕೆ ಹಳಗನ್ನಡದ ಹೆಸರು; ಬೇಸಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಚಪ್ಪರಕ್ಕೆ ಇದು ಸಂದಿತು. ಛತ್ರವೆಂದು ನಾವು ಬರೆಯುವ ಶಬ್ದಕ್ಕೂ ಕೊಡೆಗೂ ಸಂಬಂಧವಿಲ್ಲ. ಅದು ಸತ್ರ, ದೀರ್ಘಕಾಲದ ಯಜ್ಞ. ಯಜ್ಞದಲ್ಲಿ ಬಂದವರಿಗೆಲ್ಲ ಅನ್ನವಿಡುವುದರಿಂದ ಅನ್ನಸತ್ರವಾಯಿತು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿಯೂ ಮೇಲುಕೋಟೆಯಲ್ಲಿಯೂ ಯಾತ್ರಿಕರಿಗಾಗಿ ಇಂತಹ ಛತ್ರಗಳಾದುವು. ಅಡಿಗೆಯ ಅನ್ನವನ್ನು ಉಣ್ಣಲಾರದವರಿಗೆ ಅಕ್ಕಿ, ಬೇಳೆ, ಉಪ್ಪು, ಸೌದೆಗಳನ್ನು ಅಳೆದು ಕೊಡುತ್ತಿದ್ದರು, ಅದು ಪಡಿ. ಪಡಿಯು ಮೊದಲು ಒಂದು ಅಳತೆಯ ಹೆಸರು, ಆಮೇಲೆ ಅಳೆದ ವಸ್ತುವಿನ ಹೆಸರು. ದೇವಸ್ಥಾನಗಳಲ್ಲಿ ನಿತ್ಯದ ನೈವೇದ್ಯಕ್ಕೂ ಪರಿಚಾರಕರಿಗೂ ಇಷ್ಟಿಷ್ಟು ಸಾಮಗ್ರಿಯೆಂದು ದಿಟ್ಟಮಾಡಿ ಕೊಡುತ್ತಿದ್ದುದೇ ಪಡಿತರ. ಇಂದು ನ್ಯಾಯಬೆಲೆಯ ಅಂಗಡಿಯ ಹಲಗೆಯ ಮೇಲೆ ನಾವು ಓದುವ ಪಡಿತರವೆಂಬ ಶಬ್ದವು ಹೊರಟುದು ದೇವಾಲಯದ ಉಗ್ರಾಣದಿಂದ. ಅಲ್ಲಿ ಅದು ಬಡವನಿಗೆಂದು ಇದ್ದುದಲ್ಲ, ದೇವರಿಗೆಂದು ಇದ್ದುದು. ಬಡವನಿಗೆ ದೊರೆಯುತ್ತಿದ್ದುದು ಪ್ರಸಾದ.

ದಾನದ ಹೆಸರು ರಾಜ್ಯಾಡಳಿತಕ್ಕೆ ಹೆಸರಾದ ಒಂದು ಪ್ರಸಂಗವೂ ಈ ಸೀಮೆಯಲ್ಲಿದೆ. ವಿಷ್ಣುವರ್ಧನನು ಶ್ರೀರಂಗಪಟ್ಟಣದ ಬಳಿ ಕಾವೇರಿಯ ಎರಡು ದಡಗಳಲ್ಲಿದ್ದ ಅಷ್ಟಗ್ರಾಮಗಳನ್ನು ರಾಮಾನುಜಾಚಾರ್ಯರಿಗೆ ಕೊಟ್ಟನೆಂದು ಐತಿಹ್ಯ. ಪಟ್ಟಣದ ಅಷ್ಟಗ್ರಾಮ, ಮೈಸೂರ ಅಷ್ಟಗ್ರಾಮ ಎಂದು ತಾಲ್ಲೂಕುಗಳಿಗೆ ಈ ಹೆಸರು ಬಂದು, 19ನೆಯ ಶತಮಾನದಲ್ಲಿ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿ ಮೈಸೂರು, ಹಾಸನ ಜಿಲ್ಲೆಗಳನ್ನೊಳಗೊಂಡ ವಿಭಾಗಕ್ಕೇ ಅಷ್ಟಗ್ರಾಮ ಡಿವಿಜನ್ ಎಂದಾಯಿತು.

ಪರಿಹಾರವೆಂಬ ಶಬ್ದದ ನಡೆಯು ಇದಕ್ಕಿಂತಲೂ ವಿಚಿತ್ರ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ, ಗಂಗ ಶ್ರೀಪುರುಷನ ಕ್ರಿ. ಶ. 776ರ ತಾಮ್ರಪಟದಲ್ಲಿ, ಕುಂದಾಚ್ಚಿಯೆಂಬ ರಾಣಿಯು ಕಟ್ಟಿಸಿದ ಲೋಕತಿಲಕವೆಂಬ ಜಿನಾಲಯಕ್ಕೆ ಪೊನ್ನಳ್ಳಿಯೆಂಬ ಗ್ರಾಮವನ್ನು ಬಿಟ್ಟ ಸಂಗತಿಯಿದೆ. ಇಂತಹ ಗಂಗದಾನಗಳಲ್ಲಿ ಸಾಮಾನ್ಯವಾಗಿ ಬರುವ ಮಾತು ಸರ್ವಪರಿಹಾರ. ಎಂದರೆ, ಅರಸನು ಆ ಭೂಮಿಯಿಂದ ತನಗೆ ಬರತಕ್ಕ ತೆರಿಗೆಗಳನ್ನೆಲ್ಲ ತೊರೆದನೆಂದು ಅರ್ಥ. ಅಲ್ಲಿ ಪರಿಹಾರವೆಂದರೆ ಅರಸನು ಕೈ ಹಿಂದೆಗೆಯುವುದು. ಇಂದು ಬರ ಪರಿಹಾರ, ನೆರೆ ಪರಿಹಾರವೆಂದರೆ ಸರ್ಕಾರವು ಕೈ ಮುಂದೆ ಚಾಚಿ ಹಣವನ್ನು ಕೊಡುವುದು. ಒಂದೇ ಶಬ್ದದಲ್ಲಿ ತೆಗೆದುಕೊಳ್ಳದಿರುವಿಕೆಯು ಕೊಡುವಿಕೆಯಾಗಿ ಮಾರ್ಪಟ್ಟಿತು.

ಶ್ರೀರಂಗಪಟ್ಟಣವು 1610ರಿಂದ 1799ರ ವರೆಗೆ ರಾಜಧಾನಿಯಾಗಿದ್ದಿತು. ಈ ಅವಧಿಯ ಕೊನೆಯ ಭಾಗದಲ್ಲಿ, ಮುಖ್ಯವಾಗಿ ಹೈದರ್ ಟಿಪ್ಪುಗಳ ಕಾಲದಲ್ಲಿ, ದಫ್ತರದ ಮಾತು ಪಾರಸಿಯ ಕಡೆಗೆ ಹೊರಳಿತು. ಇನಾಮು ಎಂದರೆ ಅನುಗ್ರಹ. ಅರ್ಜಿಯೆಂದರೆ ದೊಡ್ಡವರ ಮುಂದೆ ಒಪ್ಪಿಸಿಕೊಳ್ಳುವಿಕೆ. ಮಂಜೂರು ಎಂಬುದು ನಜರು ಎಂಬುದರ ಸಂಬಂಧಿ, ಅಕ್ಷರಾರ್ಥದಲ್ಲಿ, ನೋಡಲ್ಪಟ್ಟದ್ದು. ಒಡೆಯನ ದೃಷ್ಟಿಯು ಬಿದ್ದುದು ಮಂಜೂರು, ಬೀಳದುದು ನಾಮಂಜೂರು. ತಸ್ದೀಕು ಎಂದರೆ ದೃಢೀಕರಣ. ಭೂಮಿಗೆ ಬದಲಾಗಿ ದೇವಸ್ಥಾನಕ್ಕೆ ವರ್ಷವರ್ಷವೂ ಖಜಾನೆಯಿಂದ ಸಲ್ಲುವ ನಗದಿಗೆ ಇದು ಹೆಸರಾಯಿತು. ಮುಜರಾ ಎಂದರೆ ಲೆಕ್ಕದಲ್ಲಿ ಕಳೆದುಕೊಡುವುದು. ಧರ್ಮಸಂಸ್ಥೆಗಳನ್ನು ನೋಡಿಕೊಳ್ಳುವ ಇಲಾಖೆಯು ಈ ಲೆಕ್ಕದ ಮಾತಿನಿಂದಲೇ ಮುಜರಾಯಿಯಾಯಿತು. ತಕಾವಿಯ ಮೂಲದಲ್ಲಿ ಬಲವೆಂಬ ಅರ್ಥವಿದೆ. ಟಿಪ್ಪುವಿನ ಕಂದಾಯದ ನಿಬಂಧನೆಗಳಲ್ಲಿ, ನೇಗಿಲಿಗೆ ಗತಿಯಿಲ್ಲದ ರೈತನಿಗೆ ಅಮಲ್ದಾರನು ತಕಾವಿ ಕೊಡಬೇಕೆಂಬ ವಿಧಿಯುಂಟು. ಅದು ದಾನವಲ್ಲ, ತಿರುಗಿಸಬೇಕಾದ ಹಣ.

ಕೊಡಗಿ ಮತ್ತು ಮಂಜೂರು ಎಂಬ ಎರಡು ಶಬ್ದಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಶತಮಾನಗಳಲ್ಲಿ ಆದ ವ್ಯತ್ಯಾಸವು ತಿಳಿಯುತ್ತದೆ. ಕೊಡಗಿಯನ್ನು ಕಲ್ಲಿನ ಮೇಲೆ ಬರೆದು ಊರ ಮುಂದೆ ನಿಲ್ಲಿಸುತ್ತಿದ್ದರು, ಚಂದ್ರಸೂರ್ಯರಿರುವ ವರೆಗೆ ಅದು ಸಲ್ಲತಕ್ಕದ್ದು, ಅಳಿಪಿದವನಿಗೆ ಶಾಪ. ಮಂಜೂರಾದುದನ್ನು ಕಾಗದದಲ್ಲಿ ಬರೆದು ಕಚೇರಿಯಲ್ಲಿಡುತ್ತಾರೆ. ಬರೆದವನೇ ಅದನ್ನು ರದ್ದುಪಡಿಸಬಹುದು. ಇದನ್ನು ಒಂದು ಮತದ ಅಥವಾ ಒಂದು ಮನೆತನದ ಆಳ್ವಿಕೆಯ ಗುಣದೋಷವೆಂದು ಎಣಿಸುವುದು ತಪ್ಪು. ಕಲ್ಲಿನ ಆಳ್ವಿಕೆಯು ಹೋಗಿ ಕಾಗದದ ಆಳ್ವಿಕೆಯು ಬಂದುದರ ಫಲವಿದು. ಪೂರ್ಣಯ್ಯನೂ ಆಮೇಲೆ ಬಂದ ಬ್ರಿಟಿಷ್ ಕಮಿಷನರುಗಳೂ ಇದೇ ಶಬ್ದಗಳನ್ನು ಮುಂದುವರಿಸಿದರು.

1799ರಲ್ಲಿ ಪಟ್ಟಣವು ಬಿದ್ದ ಮೇಲೆ ಇನ್ನೊಂದು ಶಬ್ದವು ಕನ್ನಡಕ್ಕೆ ಬಳಕೆಯಾಯಿತು, ಪಿಂಚಣಿ. ಹೈದರ್ ಟಿಪ್ಪುಗಳ ಕುಟುಂಬಗಳ ಪೋಷಣೆಗೆಂದು ಆ ವರ್ಷದ ಒಪ್ಪಂದದಲ್ಲಿಯೇ ಹಣವನ್ನು ಎತ್ತಿಡಲಾಯಿತು. ಅವರನ್ನು ವೆಲ್ಲೂರಿನ ಕೋಟೆಯಲ್ಲಿರಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆಯಾದ ಮೇಲೆ ಕಲ್ಕತ್ತೆಗೆ ಸಾಗಿಸಿದರು. ಈ ಬಗೆಯ ಪಿಂಚಣಿಯು ಹಸಿವನ್ನು ನೀಗುವುದಕ್ಕಿಂತ ಹಕ್ಕನ್ನು ಅಡಗಿಸುವುದಕ್ಕೆ ಕೊಟ್ಟುದು. ಬಡ ಮುದುಕನ ಪಿಂಚಣಿಗೆ ಅದೇ ಹೆಸರು ಬಂದುದು ಬಹು ಕಾಲದ ಮೇಲೆ.

ಬಡತನಕ್ಕೆ ಸರ್ಕಾರವು ತಾನೇ ಒಂದು ನಿಯಮಬದ್ಧವಾದ ಹೆಸರನ್ನಿಟ್ಟುದು ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876-78ರಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತೆಂದರೆ ಆ ಬರದ ಭೀಕರತೆಯನ್ನು ಬೇರೆ ವರ್ಣಿಸಬೇಕಾಗಿಲ್ಲ. ಮೊದಲು ಗಂಜಿಯ ಕೇಂದ್ರಗಳನ್ನು ತೆರೆದರು. 1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟ್ಟನ್ ಮೈಸೂರಿಗೆ ಬಂದುಹೋದ ಮೇಲೆ, ಎಲಿಯಟ್ ಎಂಬ ಅಧಿಕಾರಿಯು ಕ್ಷಾಮದ ಕಮಿಷನರಾಗಿ ನೇಮಿತನಾಗಿ, ಮೈಯಲ್ಲಿ ಶಕ್ತಿಯುಳ್ಳವರನ್ನು ದೊಡ್ಡ ಕಾಮಗಾರಿಗಳಿಗೆ ಕಳುಹಿಸಬೇಕು, ಅಶಕ್ತರಿಗೆ ಮಾತ್ರ ಬಿಟ್ಟಿ ಅನ್ನವೆಂಬ ನೀತಿಯು ಬಿಗಿಯಾಯಿತು. ಬೆಂಗಳೂರಿನಿಂದ ಮಂಡ್ಯ, ಫ್ರೆಂಚ್ ರಾಕ್ಸ್, ಶ್ರೀರಂಗಪಟ್ಟಣಗಳ ಮೇಲೆ ಮೈಸೂರಿಗೆ ಹೋಗುವ, 1882ರಲ್ಲಿ ಪೂರ್ತಿಯಾದ ರೈಲುದಾರಿಯ ಮಣ್ಣುಕೆಲಸವು ಹೀಗೆ ಬರಗಾಲದ ಕಾಮಗಾರಿಯಾಗಿಯೇ ಮೊದಲಾಯಿತು. ಇಂದು ಆ ದಾರಿಯಲ್ಲಿ ಪಯಣಿಸುವವರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರೋ!

ಶಕ್ತ, ಅಶಕ್ತ ಎಂಬ ಈ ವಿಭಾಗವು ಹಳೆಯ ಶಬ್ದಗಳಲ್ಲಿ ಇರಲಿಲ್ಲ. ಕಣದ ಪಾಲಿಗೆ ಬಂದವನನ್ನು ನಿನ್ನ ತೋಳಿನಲ್ಲಿ ಬಲವಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ, ಛತ್ರಕ್ಕೆ ಬಂದವನನ್ನೂ ಕೇಳುತ್ತಿರಲಿಲ್ಲ. ಆ ಎರಡು ಕಡೆಯೂ ಕೇಳುತ್ತಿದ್ದುದು ಜಾತಿಯನ್ನು. ಕ್ಷಾಮದ ಕಮಿಷನರು ಜಾತಿಯನ್ನು ಹಿಂದಕ್ಕೆ ತಳ್ಳಿ ದೇಹವನ್ನು ಮುಂದಿಟ್ಟನು. ಇಂದಿನ ಅರ್ಜಿಗಳಲ್ಲಿ ವಯಸ್ಸು, ವೈಕಲ್ಯದ ಪ್ರಮಾಣ, ವರಮಾನ ಇವುಗಳನ್ನು ತುಂಬಬೇಕಾಗಿ ಬಂದುದಕ್ಕೆ ಮೊದಲು ಆ ಬರದಲ್ಲಿದೆ.

ಇನ್ನು ಲೇಖನದ ಮೊದಲಲ್ಲಿ ಹೇಳಿದ ಹೊಲಗಳ ಸಂಗತಿ. ಸರ್ವಮಾನ್ಯ, ಜೋಡಿ, ಕೊಡಗಿ, ಉಂಬಳಿ ಎಂಬ ಹೆಸರುಗಳಲ್ಲಿ ಉಳಿದುಬಂದ ಭೂಮಿಗಳನ್ನು ಮೈಸೂರು ರಾಜ್ಯದ 1954ರ ಶಾಸನವು ವೈಯಕ್ತಿಕ ಇನಾಮುಗಳ ವಿಷಯದಲ್ಲಿಯೂ, 1955ರ ಶಾಸನವು ಧಾರ್ಮಿಕ ಇನಾಮುಗಳ ವಿಷಯದಲ್ಲಿಯೂ ರದ್ದುಪಡಿಸಿದುವು. ತೋಟಿ, ತಳವಾರ, ನೀರಗಂಟಿ ಮೊದಲಾದ ಗ್ರಾಮದ ಹುದ್ದೆಗಳನ್ನು 1961ರ ಶಾಸನವು ತೆಗೆದುಹಾಕಿ, ಅವುಗಳಿಗೆ ಸೇರಿದ ಭೂಮಿಯನ್ನು ಹುದ್ದೆಯವರಿಗೇ ಪುನಃ ಮಂಜೂರು ಮಾಡುವ ದಾರಿಯನ್ನು ತೋರಿಸಿತು. ಆಗ ಕಂದಾಯದ ಅಧಿಕಾರಿಗಳ ಮುಂದೆ ಏಳುತ್ತಿದ್ದ ಪ್ರಶ್ನೆಗಳು ಶಬ್ದಾರ್ಥದವು. ಈ ಕೆರೆಯ ಕೆಳಗಣ ಗದ್ದೆಯು ನೀರಗಂಟಿಯ ಸೇವೆಗೆ ಬಿಟ್ಟುದೋ, ಅಥವಾ ಯಾವನೋ ಪೂರ್ವಿಕನಿಗೆ ಸ್ವಂತಕ್ಕೆ ಬಿಟ್ಟುದೋ? ಉಂಬಳಿಯೆಂದು ಬರೆದಿರುವುದು ದೇವರ ಸೇವೆಗೋ ಊರ ಸೇವೆಗೋ? ಸೇವೆಗೆ ಬಿಟ್ಟುದಾದರೆ ಒಂದು ಶಾಸನ, ಸ್ವಂತಕ್ಕಾದರೆ ಇನ್ನೊಂದು; ಗೇಣಿಗೆ ಉಳುತ್ತಿದ್ದವನಿಗೆ ಒಂದರಲ್ಲಿ ಸಿಕ್ಕುವ ನೆಲೆಯು ಇನ್ನೊಂದರಲ್ಲಿ ಸಿಕ್ಕದು. ಕಣದ ಪಾಲೂ ಹುದ್ದೆಯೊಡನೆ ಹೋಯಿತು. ತೋಟಿತನದ ಬಂಧನವು ಕಳಚಿತೆಂಬುದು ನಿಸ್ಸಂಶಯವಾಗಿ ಲಾಭ. ಪುನರ್ಮಂಜೂರಾತಿಯ ಕಾಗದವನ್ನು ಕಾಲದಲ್ಲಿ ಪಡೆಯದವನಿಗೆ ಮಾತ್ರ ಬಂಧನವೂ ಹೋಯಿತು, ಭೂಮಿಯೂ ಹೋಯಿತು. ಈ ತಕರಾರುಗಳಲ್ಲಿ ಹಕ್ಕೆಂಬ ಅರಬ್ಬೀ ಶಬ್ದವೇ ಎರಡು ಪಕ್ಷದವರಿಗೂ ಆಯುಧವಾಯಿತು. ಕನ್ನಡದ ಕೊಡಗಿಯನ್ನು ಉಳಿಸಿಕೊಳ್ಳುವುದಕ್ಕೆ ಅರಬ್ಬಿಯ ಹಕ್ಕಿನ ನೆರವು ಬೇಕಾದುದು ಭಾಷೆಯ ವಿನೋದಗಳಲ್ಲೊಂದು.

ಇಂದಿನ ಶಬ್ದಗಳನ್ನು ಕುರಿತು ಹೆಚ್ಚಾಗಿ ಬರೆಯುವುದು ಅನಾವಶ್ಯಕ, ಎಲ್ಲರೂ ಬಲ್ಲರು. ಮಾಸಾಶನವು ಬಹಳ ಒಳ್ಳೆಯ ಮಾತು, ಅಶನವೆಂದರೆ ಊಟ, ತಿಂಗಳ ಊಟವನ್ನು ಹಣದಲ್ಲಿ ಕೊಡುವುದೆಂದು ಅದರ ಭಾವ. ಭತ್ಯವೂ ಅನ್ನದ ಸಂಬಂಧದ್ದೇ, ಭತ್ತಕ್ಕೆ ನೆಂಟನಾದುದು. ವೃದ್ಧಾಪ್ಯ ವೇತನವೆಂಬಲ್ಲಿ ವೇತನವೆಂದರೆ ದುಡಿಮೆಗೆ ಕೊಟ್ಟ ಕೂಲಿ. ದುಡಿದು ಮುದುಕನಾದವನಿಗೆ ತಡವಾಗಿ ಸಂದ ಕೂಲಿಯೆಂದು ಅರ್ಥಮಾಡಿದರೆ ಅಸಮಂಜಸವಾಗದು. 1995ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ವೃದ್ಧಾಪ್ಯ ವೇತನವನ್ನೂ, 2007ರಲ್ಲಿ ಕರ್ನಾಟಕ ಸರ್ಕಾರವು ಸಂಧ್ಯಾ ಸುರಕ್ಷಾ ಯೋಜನೆಯನ್ನೂ ತಂದುವು. ಅಂಗವಿಕಲರೆಂಬುದು ಒರಟಾಯಿತೆಂದು ವಿಕಲಚೇತನರೆಂಬ ಹೊಸ ಸಮಾಸವನ್ನು ಕಟ್ಟಿದ್ದಾರೆ. ಉದ್ದೇಶವು ಶ್ಲಾಘ್ಯವಾದರೂ ಸಮಾಸವು ಕೆಟ್ಟಿತು. ಚೇತನವೇ ವಿಕಲವಾದುದೆಂದರೆ ಬುದ್ಧಿಭ್ರಮಣೆಯೆಂದಾಗುತ್ತದೆ, ಕಾಲು ಕುಂಟಾದವನಿಗೆ ಅದು ಹೇಗೆ ಒಪ್ಪೀತು? ಫಲಾನುಭವಿಯೆಂಬುದು ಹೊಸದಾಗಿ ಕಂಡರೂ, ದಾನವನ್ನು ಪುತ್ರಪೌತ್ರಪಾರಂಪರ್ಯವಾಗಿ ಅನುಭವಿಸತಕ್ಕದ್ದೆಂಬ ಶಾಸನದ ಪರಿಭಾಷೆಯ ಜಾಡಿನಲ್ಲಿಯೇ ಇದೆ. ಪಾರಂಪರ್ಯವು ಮಾತ್ರ ಬಿದ್ದುಹೋಗಿದೆ.

ಪಡಿತರವು ದೇವಾಲಯದಿಂದ ಅಂಗಡಿಗೆ ಬಂದುದು ಎರಡನೆಯ ಮಹಾಯುದ್ಧದ ಕಾಲದ ಧಾನ್ಯನಿಯಂತ್ರಣದ ಮೂಲಕ. 2000ದ ಡಿಸೆಂಬರಿನಲ್ಲಿ ಅಂತ್ಯೋದಯ ಅನ್ನ ಯೋಜನೆಯು ಬಂದಿತು. 2013ರ ಜುಲೈಯಲ್ಲಿ ಕರ್ನಾಟಕವು ಅನ್ನಭಾಗ್ಯವನ್ನು ಆರಂಭಿಸಿತು. ಅದೇ ವರ್ಷ ರಾಷ್ಟ್ರೀಯ ಆಹಾರ ಭದ್ರತಾ ಶಾಸನವಾಯಿತು. ಆ ಶಾಸನದಂತೆ ಅಂತ್ಯೋದಯದ ಕುಟುಂಬಕ್ಕೆ ತಿಂಗಳಿಗೆ 35 ಕಿಲೋಗ್ರಾಂ, ಆದ್ಯತೆಯ ಕುಟುಂಬದಲ್ಲಿ ತಲೆಗೆ 5 ಕಿಲೋಗ್ರಾಂ ಧಾನ್ಯ. ಮೊದಲನೆಯದು ಮನೆಗೆ ಇಷ್ಟೆಂದು ಇಟ್ಟ ದಿಟ್ಟ, ಎರಡನೆಯದು ಬಾಯಿಗೆ ಇಷ್ಟೆಂದು ಅಳೆದ ಪಡಿ. ಇದು ಅರ್ಜಿದಾರನ ಹಕ್ಕೆಂದು ಶಾಸನವೇ ಹೇಳುವುದರಿಂದ, ಮಂಜೂರು ಎಂಬ ಮಾತು ಇನ್ನೂ ಆ ಕಾಗದದ ಮೇಲಿರುವುದು ಹಳೆಯ ದಫ್ತರದ ಅಭ್ಯಾಸಬಲವೆನ್ನಬೇಕು. ಭಾಗ್ಯವೆಂಬ ಶಬ್ದವನ್ನು ಅದೃಷ್ಟ, ಅನುಗ್ರಹ ಎಂಬ ಅರ್ಥದಲ್ಲಿಯೇ ಪಂಡಿತರೂ ಪಾಮರರೂ ಹಿಡಿಯುತ್ತಾರೆ. ಅದರ ಮೂಲದಲ್ಲಿರುವುದು ಭಾಗ; ಭಾಗ್ಯವೆಂದರೆ ಪಾಲಿಗೆ ಬಂದದ್ದು, ಕಣದಲ್ಲಿ ಆಯಗಾರನು ಪಡೆಯುತ್ತಿದ್ದುದಕ್ಕೂ ಹೊಂದುವ ಮಾತು. ನಾಲ್ಕು ತಾಲ್ಲೂಕುಗಳ ಹಳ್ಳಿಗರಾದರೋ ಈ ಹೆಸರುಗಳಲ್ಲಿ ಯಾವುದನ್ನೂ ಅಷ್ಟಾಗಿ ಬಳಸುವುದಿಲ್ಲ. ಸಹಕಾರ ಸಂಘದ ಅಂಗಡಿಯಿಂದ ತಂದುದಾದ್ದರಿಂದ ಅವರಿಗೆ ಅದು ಸೊಸೈಟಿ ಅಕ್ಕಿ.